ಎಚ್‌ಎಂಐಎಸ್ ಬೆಂಗಾಲ್: 1942ರ ನವೆಂಬರ್ 11ರಂದು ಆ ಶೆಲ್ ಹೊಡೆದವರು ಯಾರು?

ಕಡಲಂಚು:

ಎರಡನೇ ಮಹಾಯುದ್ಧದ ಬೆಂಗಾವಲು ಹಡಗುಗಳ ಮಾತು ಇಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಅಟ್ಲಾಂಟಿಕ್, ಜರ್ಮನ್ ಸಬ್‌ಮರೀನ್, ಅಲ್ಲಿಗೆ ಮುಗಿಯುತ್ತದೆ. ಹಿಂದೂ ಮಹಾಸಾಗರದಲ್ಲೂ ಅದೇ ಯುದ್ಧ ನಡೆದಿತ್ತು, ಅಲ್ಲಿ ನಮ್ಮವರೇ ಇದ್ದರು. ಅಂಥ ಒಂದು ಹಡಗಿನ ಕಥೆ ಹೇಳುತ್ತೇನೆ. ಕೊನೆಯಲ್ಲಿ ಒಂದು ಜಗಳವೂ ಇದೆ, ಅದನ್ನು ನೀವೇ ಬಿಡಿಸಿ.

ಹಡಗಿನ ಹೆಸರು ಎಚ್‌ಎಂಐಎಸ್ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಬೆಂಗಾಲ್, ಸಂಖ್ಯೆ ಜೆ 243. ಆಗಿನ ರಾಯಲ್ ಇಂಡಿಯನ್ ನೇವಿಯದು. ಸಿಡ್ನಿಯ ಕಾಕಟೂ ದ್ವೀಪದ ಹಡಗುಕಟ್ಟೆಯಲ್ಲಿ ಕಟ್ಟಿದ್ದು. 1942ರ ಮೇ ತಿಂಗಳಲ್ಲಿ ನೀರಿಗಿಳಿಯಿತು, ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಬಾಥರ್ಸ್ಟ್ ಮಾದರಿಯ ಕಾರ್ವೆಟ್, ಅಂದರೆ ಸಣ್ಣ ಬೆಂಗಾವಲು ಯುದ್ಧನೌಕೆ. ಉದ್ದ 57 ಮೀಟರ್, ತೂಕ 650 ಟನ್, ವೇಗ 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ಸೈನ್ ಬೋರ್ಡಿನಲ್ಲಿ ಇದು ಮೈನ್‌ಸ್ವೀಪರ್. ಕೆಲಸ ಮಾತ್ರ ಎಲ್ಲದ್ದೂ: ಮೈನ್ (ಸಮುದ್ರದಲ್ಲಿ ಹುದುಗಿಸಿದ ಬಾಂಬ್) ಗುಡಿಸುವುದು, ಸಬ್‌ಮರೀನ್ ಹುಡುಕುವುದು, ಸರಕು ಹಡಗುಗಳ ಜೊತೆ ಕಾವಲು ಹೋಗುವುದು.

ನವೆಂಬರ್ ಮೊದಲ ವಾರದಲ್ಲಿ ಬೆಂಗಾಲ್ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಿಟ್ಟಿತು. ಭಾರತಕ್ಕೆ ಅದರ ಮೊದಲ ಪ್ರಯಾಣ. ಜೊತೆಗೆ ಒಂದೇ ಒಂದು ಹಡಗು, ಡಚ್ಚರ ಟ್ಯಾಂಕರ್ ಒಂಡಿನಾ. ಮಧ್ಯೆ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ನಿಂತು, ಮುಂದೆ ಒಂಡಿನಾ ಎಣ್ಣೆ ತುಂಬಿಸಲು ಇರಾನಿನ ಅಬಾದಾನ್‌ಗೆ ಹೋಗಬೇಕಿತ್ತು.

11ನೇ ತಾರೀಖು, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಕೋಕೋಸ್ ದ್ವೀಪಗಳಿಂದ ನೂರಾರು ಮೈಲಿ ನೈಋತ್ಯಕ್ಕೆ, ಸುತ್ತ ಯಾರೂ ಇಲ್ಲದ ಜಾಗ. ಎದುರಿಗೆ ಎರಡು ಹಡಗು ಕಂಡವು. ಹೋಕೋಕು ಮಾರು ಮತ್ತು ಐಕೋಕು ಮಾರು. ಎರಡೂ ಜಪಾನಿನ ಶಸ್ತ್ರಸಜ್ಜಿತ ರೈಡರ್‌ಗಳು. ತಲಾ 10,000 ಟನ್‌ಗೂ ಜಾಸ್ತಿ. ತಲಾ ಎಂಟು 14 ಸೆಂ.ಮೀ. ತೋಪು, ಟಾರ್ಪೆಡೊ ಕೊಳವೆಗಳು, ಸಮುದ್ರ ವಿಮಾನಗಳು. ವೇಗ 21 ನಾಟ್.

ಬೆಂಗಾಲ್ ಹತ್ತಿರ ಇದ್ದದ್ದು ಒಂದು 12 ಪೌಂಡರ್ (3 ಇಂಚಿನ) ತೋಪು, ಜೊತೆಗೆ ವಿಮಾನಕ್ಕೆ ಹೊಡೆಯುವ ಸಣ್ಣ ಗನ್‌ಗಳು. ಈ ಮಾದರಿಗೆ ಸಿಗಬೇಕಾದ 4 ಇಂಚಿನ ತೋಪು ಈ ಹಡಗಿಗೆ ಸಿಕ್ಕಿರಲಿಲ್ಲ. ಒಂಡಿನಾದ ಹಿಂಭಾಗದಲ್ಲಿ 4 ಇಂಚಿನದು ಒಂದಿತ್ತು, ಅದಕ್ಕೆ ಇದ್ದದ್ದು 32 ಶೆಲ್.

ಕಾವಲಿನ ಹಡಗಿಗಿಂತ ಕಾವಲು ಬೇಕಾದ ಹಡಗಿನ ತೋಪೇ ದೊಡ್ಡದು!

ಬೆಂಗಾಲ್‌ನ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ವಿಲ್ಸನ್ ಟ್ಯಾಂಕರ್‌ಗೆ ತಪ್ಪಿಸಿಕೊಂಡು ಹೋಗಲು ಸಂಕೇತ ಕೊಟ್ಟರು. ತಮ್ಮ ಹಡಗನ್ನು ನೇರ ಶತ್ರುವಿನ ಕಡೆ ತಿರುಗಿಸಿದರು. ಒಂಡಿನಾದ ಕ್ಯಾಪ್ಟನ್ ವಿಲ್ಲೆಮ್ ಹೊರ್ಸ್‌ಮನ್ ಪೂರ್ತಿ ಓಡಿಹೋಗಲಿಲ್ಲ. ಅವರ ಹಡಗಿನ ವೇಗ 12 ನಾಟ್, ಓಡಿದರೂ ಸಿಕ್ಕಿಬೀಳುವುದೇ. ಅವರೂ ಗುಂಡು ಹಾರಿಸಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಒಂದು ಶೆಲ್ ಹೋಕೋಕು ಮಾರುವಿನ ಬಲಬದಿಯ ಟಾರ್ಪೆಡೊ ಕೊಳವೆಗೆ ಬಿತ್ತು. ಭಾರಿ ಸ್ಫೋಟ, ಬೆಂಕಿ. ಸುಮಾರು ಒಂದು ಗಂಟೆಯಲ್ಲಿ ಹಡಗು ಮುಳುಗಿತು. 354 ಜನರಲ್ಲಿ 76 ಮಂದಿ ಸತ್ತರು, ಅದರ ಕ್ಯಾಪ್ಟನ್ನೂ ಸೇರಿ.

ಜಗಳ ಇರುವುದು ಇಲ್ಲೇ. ಆ ಶೆಲ್ ಯಾರದು? ನಮ್ಮವರು ಬೆಂಗಾಲ್‌ನದು ಎಂದರು. ಡಚ್ಚರು ಒಂಡಿನಾದ್ದು ಎಂದರು.

---

ಮೂರನೇ ಬೆಂಚು:

ಚೆನ್ನಾಗಿದೆ ಸರ್. ಒಂದು ದಡ್ಡ ಪ್ರಶ್ನೆ. ರೈಡರ್ ಅಂದರೆ ಯುದ್ಧನೌಕೆಯೇ? ಒಂದೇ ಶೆಲ್‌ಗೆ ಅಷ್ಟು ದೊಡ್ಡ ಹಡಗು ಮುಳುಗಿತು ಅಂದರೆ ನಂಬೋಕೇ ಆಗ್ತಿಲ್ಲ.

---

ಎಂಜಿನ್ ರೂಮ್:

ದಡ್ಡ ಪ್ರಶ್ನೆ ಏನಲ್ಲ, ಇಡೀ ಕಥೆಯ ಗುಟ್ಟು ಅದರಲ್ಲೇ ಇದೆ. ನಾನು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೋಕೋಕು ಮಾರು ಯುದ್ಧಕ್ಕೆಂದು ಕಟ್ಟಿದ ಹಡಗಲ್ಲ. ಒಸಾಕಾ ಶೋಸೆನ್ ಕಂಪನಿಯ ಪ್ರಯಾಣಿಕರ ಮತ್ತು ಸರಕಿನ ಹಡಗು. ನೌಕಾಪಡೆ ಅದನ್ನು ವಶಕ್ಕೆ ತೆಗೆದುಕೊಂಡು ಮೇಲೆ ತೋಪು, ಟಾರ್ಪೆಡೊ ಜೋಡಿಸಿತು. ದೂರದಿಂದ ನೋಡಿದರೆ ಸಾಮಾನ್ಯ ಹಡಗು. ಹತ್ತಿರ ಬಂದ ಮೇಲೆ ತೋಪು ತೋರಿಸಿ ಒಂಟಿ ಹಡಗುಗಳನ್ನು ಹಿಡಿಯುವುದು, ಇಲ್ಲವೇ ಮುಳುಗಿಸುವುದು, ಇದು ರೈಡರ್‌ನ ಕೆಲಸ. ಇದೇ ಜೋಡಿ ಅದೇ ವರ್ಷ ಹಿಂದೂ ಮಹಾಸಾಗರದಲ್ಲಿ ಡಚ್ ಟ್ಯಾಂಕರ್ ಗೆನೋಟಾವನ್ನು ಹಿಡಿದಿತ್ತು, ಎಲೀಸಿಯಾ ಎಂಬ ಬ್ರಿಟಿಷ್ ಹಡಗನ್ನು ಹೊಡೆದಿತ್ತು, ನ್ಯೂಜಿಲೆಂಡಿನ ಹೌರಾಕಿಯನ್ನು ವಶಪಡಿಸಿಕೊಂಡಿತ್ತು.

ನಿಜವಾದ ಯುದ್ಧನೌಕೆಯಲ್ಲಿ ಮದ್ದುಗುಂಡು ನೀರಿನ ಮಟ್ಟದ ಕೆಳಗೆ, ದಪ್ಪ ಉಕ್ಕಿನ ಹಿಂದೆ ಇರುತ್ತದೆ. ಇಂಥ ಮಾರ್ಪಾಡಿನ ಹಡಗಿನಲ್ಲಿ ಉಕ್ಕಿನ ರಕ್ಷಾಕವಚವೇ ಇಲ್ಲ. ತುಂಬಿದ ಟಾರ್ಪೆಡೊಗಳು ಡೆಕ್ ಮೇಲೆ ಬಯಲಲ್ಲಿ. ವಿಮಾನಗಳೂ ಅಲ್ಲೇ. ಅಂಗಡಿ ಮುಂದೆ ಪಟಾಕಿ ಹರಡಿಕೊಂಡು ಕೂತ ಹಾಗೆ. ಶೆಲ್ ಹಡಗನ್ನು ಮುಳುಗಿಸಲಿಲ್ಲ. ಶೆಲ್ ಕಿಡಿ ಹಚ್ಚಿತು, ಹಡಗಿನ ಸ್ವಂತ ಸರಕೇ ಅದನ್ನು ಮುಳುಗಿಸಿತು.

ಇನ್ನೊಂದು ಮಾತು ಕಡಲಂಚು ಅವರಿಗೆ. 650 ಟನ್‌ಗೂ 10,000 ಟನ್‌ಗೂ ಹಾಗೆ ನೇರ ಹೋಲಿಸಬೇಡಿ. ಯುದ್ಧನೌಕೆಯ ಟನ್ ತೂಕದ ಲೆಕ್ಕ. ವ್ಯಾಪಾರಿ ಹಡಗಿನ ಗ್ರಾಸ್ ಟನ್ ಒಳಗಿನ ಜಾಗದ ಲೆಕ್ಕ. ಹೇಗೂ ಬೆಂಗಾಲ್ ತೀರಾ ಪುಟ್ಟದು, ಅದು ಬೇರೆ ಮಾತು.

---

ಮೂರನೇ ಬೆಂಚು:

ಪಟಾಕಿ ಅಂದ ಮೇಲೆ ಅರ್ಥ ಆಯ್ತು. ಥ್ಯಾಂಕ್ಸ್ ಸರ್.

---

ಲೆಕ್ಕದ ಮೇಷ್ಟ್ರು:

ಶೆಲ್ ಯಾರದು ಎನ್ನುವುದಕ್ಕೆ ತೂಕ ನೋಡಿ. 12 ಪೌಂಡರ್‌ನ ಶೆಲ್ ಹೆಚ್ಚುಕಮ್ಮಿ 6 ಕೆ.ಜಿ. 4 ಇಂಚಿನದು 14 ಕೆ.ಜಿ. ಜಪಾನಿನ 14 ಸೆಂ.ಮೀ. ಶೆಲ್ 38 ಕೆ.ಜಿ. ದೂರ ಸುಮಾರು ಮೂರು ಕಿಲೋಮೀಟರ್. ನನ್ನ ಪ್ರಕಾರ ಒಂಡಿನಾದ್ದೇ. ಅದರ ತೋಪಿನವರಲ್ಲಿ ಆಸ್ಟ್ರೇಲಿಯಾದ ನಾವಿಕ ಬರ್ಟ್ ಹ್ಯಾಮಂಡ್ ಕೂಡ ಇದ್ದರು, ಅವರಿಗೆ ಡಚ್ ಸರ್ಕಾರ ಬ್ರಾಂಜ್ ಕ್ರಾಸ್ ಕೊಟ್ಟಿತು. ಸುಮ್ನೆ ಕೊಡ್ತಾರಾ?

---

ಅರಬ್ಬಿ ಅಲೆ:

ಮೇಷ್ಟ್ರೇ, ಪದಕದಿಂದ ಲೆಕ್ಕ ಹಾಕುವುದಾದರೆ ವಿಲ್ಸನ್ ಅವರಿಗೂ ಬ್ರಿಟಿಷರ ಡಿಎಸ್‌ಒ ಪದಕ ಬಂತು. ಅದನ್ನೇನು ಸುಮ್ನೆ ಕೊಟ್ಟರಾ? ಎರಡು ದೇಶ, ಎರಡು ನೌಕಾಪಡೆ, ಯುದ್ಧಕಾಲ. ಎಲ್ಲರಿಗೂ ಪತ್ರಿಕೆಯಲ್ಲಿ ಹಾಕಲು ಒಂದು ಗೆಲುವು ಬೇಕಿತ್ತು. 1942 ಹೇಗಿತ್ತು ನೆನಪಿಸಿಕೊಳ್ಳಿ. ಫೆಬ್ರವರಿಯಲ್ಲಿ ಸಿಂಗಾಪುರ ಹೋಯಿತು, ಏಪ್ರಿಲ್‌ನಲ್ಲಿ ಕೊಲಂಬೊ, ಟ್ರಿಂಕೋಮಲಿ, ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನೀಯರ ಬಾಂಬ್ ಬಿತ್ತು. ಅಂಥ ವರ್ಷದಲ್ಲಿ ಸಣ್ಣ ಹಡಗು ದೊಡ್ಡದನ್ನು ಹೊಡೆಯಿತು ಎಂದರೆ ಪ್ರಚಾರ ಇಲಾಖೆಯವರು ಬಿಡ್ತಾರಾ?

ಆರು ಕೆ.ಜಿ. ಶೆಲ್ ಕೂಡ ಬಯಲಲ್ಲಿ ಇಟ್ಟ ಟಾರ್ಪೆಡೊಗೆ ಸಾಕು. ಎಂಜಿನ್ ರೂಮ್ ಅವರು ಹೇಳಿದ್ದರಿಂದಲೇ ತೂಕದ ವಾದ ಬಿದ್ದುಹೋಗುತ್ತದೆ.

---

ಲೆಕ್ಕದ ಮೇಷ್ಟ್ರು:

ಸಾಕು ಎನ್ನುವುದು ಬೇರೆ, ಹೊಡೆದದ್ದು ಬೇರೆ. ಒಂಡಿನಾ ತನ್ನ ಒಂದೊಂದು ಶೆಲ್ಲನ್ನೂ ಲೆಕ್ಕ ಹಾಕಿ ಹಾರಿಸಿದೆ. ಇನ್ನೊಂದು ವಿಷಯ ಕೇಳ್ತೀನಿ, ಯಾರೂ ಸಿಟ್ಟಾಗಬೇಡಿ. ಬೆಂಗಾಲ್ ಕೊನೆಗೆ ಟ್ಯಾಂಕರನ್ನು ಬಿಟ್ಟು ಹೋಯಿತಲ್ಲ? ಹೊಗೆಪರದೆ ಹಾಕಿಕೊಂಡು ಜಾಗ ಖಾಲಿ ಮಾಡಿತು. ಕಾವಲು ಹಡಗು ಹಾಗೆ ಮಾಡಬಹುದಾ?

---

ಕಡಲಂಚು:

ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ.

ಮೊದಲು ಏನಾಯಿತು ಎಂದು ಪೂರ್ತಿ ಹೇಳುತ್ತೇನೆ. ಹೋಕೋಕು ಮಾರು ಹೊತ್ತಿ ಉರಿಯುವಾಗ ಐಕೋಕು ಮಾರು ಇನ್ನೂ ಗಟ್ಟಿಯಾಗಿತ್ತು. ಬೆಂಗಾಲ್‌ನ ಮದ್ದುಗುಂಡು ಹೆಚ್ಚುಕಮ್ಮಿ ಮುಗಿದಿತ್ತು. ಅದಕ್ಕೂ ಪೆಟ್ಟು ಬಿದ್ದು ಹಿಂಭಾಗದಲ್ಲಿ ಬೆಂಕಿ ಹತ್ತಿತ್ತು. ವಿಲ್ಸನ್ ಹೊಗೆ ಹಾಕಿಸಿ ದೂರ ಸರಿದರು. ಒಂಡಿನಾ ಮುಳುಗುತ್ತದೆ ಎಂದೇ ಅವರು ತಿಳಿದದ್ದು. ಡಿಯೆಗೊ ಗಾರ್ಸಿಯಾ ಮುಟ್ಟಿ ಹಾಗೆಯೇ ವರದಿ ಮಾಡಿದರು. ಬೆಂಗಾಲ್‌ನಲ್ಲಿ ಒಂದು ಜೀವವೂ ಹೋಗಲಿಲ್ಲ, ಅದೇ ದೊಡ್ಡ ಆಶ್ಚರ್ಯ.

ಇತ್ತ ಒಂಡಿನಾದ ಶೆಲ್‌ಗಳು ಮುಗಿದವು. ಕ್ಯಾಪ್ಟನ್ ಹೊರ್ಸ್‌ಮನ್ ಹಡಗು ಬಿಟ್ಟು ದೋಣಿ ಹತ್ತಲು ಆಜ್ಞೆ ಕೊಟ್ಟರು. ಅಷ್ಟರಲ್ಲೇ ಬ್ರಿಜ್‌ಗೆ (ಹಡಗು ನಡೆಸುವ ಕೋಣೆಗೆ) ಬಿದ್ದ ಶೆಲ್ ಅವರನ್ನೇ ಬಲಿ ತೆಗೆದುಕೊಂಡಿತು. ಐಕೋಕು ಮಾರು ಹತ್ತಿರ ಬಂದು ಎರಡು ಟಾರ್ಪೆಡೊ ಹೊಡೆಯಿತು. ದೋಣಿಗಳ ಮೇಲೆ ಮೆಷಿನ್ ಗನ್ ತಿರುಗಿಸಿತು. ಎಂಜಿನ್ ವಿಭಾಗದ ಕೆಲವು ಚೀನೀ ಕೆಲಸಗಾರರು ಆಗ ಸತ್ತರು. ಒಂಡಿನಾ ಒಂದು ಬದಿಗೆ ಬಾಗಿ ನಿಂತಿತ್ತು. ಇನ್ನೇನು ಮುಳುಗಿತು ಅಂದುಕೊಂಡು ಐಕೋಕು ಮಾರು ತನ್ನ ಜೊತೆಗಾರ ಹಡಗಿನವರನ್ನು ನೀರಿನಿಂದ ಎತ್ತಿಕೊಂಡು ಹೊರಟುಹೋಯಿತು.

ಒಂಡಿನಾ ಮುಳುಗಲಿಲ್ಲ. ದೋಣಿಯಲ್ಲಿದ್ದವರಲ್ಲಿ ಕೆಲವರು ಮತ್ತೆ ಹಡಗು ಹತ್ತಿದರು. ಬೆಂಕಿ ಆರಿಸಿದರು, ಇನ್ನೊಂದು ಬದಿಗೆ ನೀರು ತುಂಬಿಸಿ ಹಡಗನ್ನು ನೆಟ್ಟಗೆ ಮಾಡಿದರು, ಎಂಜಿನ್ ಚಾಲೂ ಮಾಡಿದರು. ಹಿಂದಕ್ಕೆ ತಿರುಗಿ ನವೆಂಬರ್ 18ಕ್ಕೆ ಫ್ರೀಮ್ಯಾಂಟಲ್ ಸೇರಿದರು.

ಈಗ ಮೇಷ್ಟ್ರ ಪ್ರಶ್ನೆ. ಗುಂಡಿಲ್ಲದ ಬೆಂಗಾಲ್ ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು? ಇನ್ನೊಂದು ಹಡಗು, ಇನ್ನಷ್ಟು ಜನ ಹೋಗುತ್ತಿದ್ದರು, ಅಷ್ಟೆ. ಹೋಗಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ನನ್ನ ಕಣ್ಣಿಗೆ ಬೀಳುವುದು ಮೊದಲ ಐದು ನಿಮಿಷ. ಆಗ ವಿಲ್ಸನ್ ಕೈಲಿ ಗುಂಡಿತ್ತು, ಓಡುವ ಅವಕಾಶವೂ ಇತ್ತು. ಆದರೂ ಹಡಗಿನ ಮೂತಿಯನ್ನು ರೈಡರ್ ಕಡೆ ತಿರುಗಿಸಿದರು. ಹೋಕೋಕು ಮಾರುವಿನ ತೋಪಿನವರಿಗೆ ಒಂದು ಗುರಿಯ ಬದಲು ಎರಡು ಗುರಿ ಆಯಿತು. ಶೆಲ್ ಒಂಡಿನಾದ್ದೇ ಇರಲಿ, ನನಗೂ ಹಾಗೇ ಅನ್ನಿಸುತ್ತದೆ. ಆ ಶೆಲ್ ಹಾರಿಸುವಷ್ಟು ಹೊತ್ತು ಸಿಕ್ಕಿದ್ದು ಯಾರಿಂದ?

---

ಎಂಜಿನ್ ರೂಮ್:

ಎರಡು ಟಾರ್ಪೆಡೊ ತಿಂದೂ ಒಂಡಿನಾ ಹೇಗೆ ತೇಲಿತು ಎಂದು ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅದು ಎಣ್ಣೆ ತುಂಬಿಸಲು ಹೋಗುತ್ತಿದ್ದ ಹಡಗು, ಅಂದರೆ ಖಾಲಿ. ಟ್ಯಾಂಕರ್ ಒಳಗೆ ಅಡ್ಡಗೋಡೆ, ಉದ್ದಗೋಡೆ ಹಾಕಿ ಹತ್ತಾರು ಟ್ಯಾಂಕ್ ಮಾಡಿರುತ್ತಾರೆ. ಒಂದೆರಡು ಒಡೆದರೂ ಉಳಿದವುಗಳಲ್ಲಿ ಗಾಳಿ ಇರುತ್ತದೆ. ಎಂಜಿನ್ ಹಿಂದೆ, ಬೇರೆಯೇ ಕೋಣೆಯಲ್ಲಿ. ಅದಕ್ಕೆ ಪೆಟ್ಟು ಬೀಳದಿದ್ದರೆ ಹಡಗು ನಡೆಯುತ್ತದೆ. ತುಂಬಿ ವಾಪಸ್ ಬರುವಾಗ ಇದೇ ಆಗಿದ್ದರೆ ಈ ಚರ್ಚೆ ಇರುತ್ತಿರಲಿಲ್ಲ.

---

ನೀಲಿ ಶಾಯಿ:

ಒಂಡಿನಾ ವಾಪಸ್ ಬಂದ ದಾರಿಯ ಒಂದು ಸಂಗತಿ ಸೇರಿಸಬಹುದಾ? ಹಡಗು ಬಿಡುವಾಗ ಗುಪ್ತ ಸಂಕೇತದ ಪುಸ್ತಕಗಳನ್ನು ಸಮುದ್ರಕ್ಕೆ ಎಸೆದಿದ್ದರು. ನಿಯಮವೇ ಹಾಗೆ, ಶತ್ರುವಿನ ಕೈಗೆ ಸಿಗಬಾರದು. ಆಮೇಲೆ ಗಾಯಾಳುಗಳಿಗೆ ಡಾಕ್ಟರ್ ಬೇಕಾದಾಗ ಮಾಮೂಲಿ ಭಾಷೆಯಲ್ಲೇ ರೇಡಿಯೊ ಸಂದೇಶ ಕಳಿಸಬೇಕಾಯಿತು. ಫ್ರೀಮ್ಯಾಂಟಲ್‌ನವರು ಉತ್ತರ ಕೊಡಲಿಲ್ಲ! ಜಪಾನೀಯರು ಬಲೆ ಬೀಸುತ್ತಿದ್ದಾರೆ ಅಂತ ಸಂಶಯ. ಬೆಂಗಾಲ್ ಬೇರೆ ಒಂಡಿನಾ ಹೋಯಿತು ಎಂದೇ ನಂಬಿತ್ತು. ಸತ್ತಿದೆ ಎಂದುಕೊಂಡ ಹಡಗು ಡಾಕ್ಟರ್ ಬೇಕು ಅಂತ ಕೇಳಿದರೆ ಯಾರು ತಾನೇ ನಂಬುತ್ತಾರೆ? ಕೊನೆಗೆ ದಾರಿಯಲ್ಲಿ ಆಸ್ಪತ್ರೆ ಹಡಗೊಂದು ಸಿಕ್ಕು ಚಿಕಿತ್ಸೆ ಆಯಿತು.

---

ಅರಬ್ಬಿ ಅಲೆ:

ಇದು ಗೊತ್ತಿರಲಿಲ್ಲ ಮೇಡಂ. ಯುದ್ಧಕ್ಕಿಂತ ಈ ಭಾಗವೇ ಜಾಸ್ತಿ ಹಿಡಿಸಿತು.

---

ಹೊಸಗಾಳಿ:

ಎಲ್ಲಾ ಸರಿ. ಆದರೆ ಇದು ಯಾರ ಯುದ್ಧ ಸ್ವಾಮಿ? 1942ರ ಆಗಸ್ಟ್‌ನಲ್ಲಿ ಬೆಂಗಾಲ್ ಸೇವೆಗೆ ಸೇರಿತು ಅಂದಿರಿ. ಅದೇ ಆಗಸ್ಟ್‌ನಲ್ಲಿ ಬಾಂಬೆಯಲ್ಲಿ ಕ್ವಿಟ್ ಇಂಡಿಯಾ ಶುರುವಾಯಿತು, ಗಾಂಧೀಜಿಯವರನ್ನು ಹಿಡಿದು ಒಳಗೆ ಹಾಕಿದರು. ಬೆಂಗಾಲ್ ಸಮುದ್ರದಲ್ಲಿದ್ದಾಗ ಇಲ್ಲಿ ಜನ ಲಾಠಿ ತಿನ್ನುತ್ತಿದ್ದರು. ಡಚ್ ಕಂಪನಿಯ ಎಣ್ಣೆ ಹಡಗು, ಬ್ರಿಟಿಷ್ ಕಮಾಂಡರ್, ದುಡಿದದ್ದು ಭಾರತದ ನಾವಿಕರು. ಹೆಮ್ಮೆ ಪಡುವುದಕ್ಕೆ ಇದರಲ್ಲಿ ಏನಿದೆ?

---

ಕಡಲಂಚು:

ಹೆಮ್ಮೆ ಪಡಿ ಎಂದು ನಾನು ಹೇಳಿಲ್ಲ. ಏನು ನಡೆಯಿತು ಎಂದು ಹೇಳಿದ್ದೇನೆ.

ನಿಮ್ಮ ಪ್ರಶ್ನೆಗೆ ಆ ನಾವಿಕರೇ 1946ರಲ್ಲಿ ಒಂದು ಉತ್ತರ ಕೊಟ್ಟರು. ಫೆಬ್ರವರಿ 18ರಂದು ಬಾಂಬೆಯ ಎಚ್‌ಎಂಐಎಸ್ ತಲ್ವಾರ್‌ನಲ್ಲಿ (ಹೆಸರು ಹಡಗಿನದು, ನಿಜಕ್ಕೂ ದಡದ ಮೇಲಿನ ತರಬೇತಿ ನೆಲೆ) ಮುಷ್ಕರ ಶುರುವಾಯಿತು. ಕೆಟ್ಟ ಊಟ, ಬೈಗುಳ, ಬಿಳಿಯರಿಗೊಂದು ಸಂಬಳ ನಮಗೊಂದು ಸಂಬಳ. ಕೆಲವೇ ದಿನಗಳಲ್ಲಿ 70ಕ್ಕೂ ಹೆಚ್ಚು ಹಡಗು, ಸುಮಾರು 20,000 ನಾವಿಕರಿಗೆ ಹಬ್ಬಿತು. ಕರಾಚಿಯಲ್ಲಿ ಎಚ್‌ಎಂಐಎಸ್ ಹಿಂದೂಸ್ತಾನ್ ಬ್ರಿಟಿಷ್ ಸೇನೆಯ ಜೊತೆ ಗುಂಡಿನ ಚಕಮಕಿಯನ್ನೇ ನಡೆಸಿತು. ಹಿಂದೂಸ್ತಾನ್ ಕೂಡ ಯುದ್ಧವಿಡೀ ಬೆಂಗಾವಲು ಕೆಲಸ ಮಾಡಿದ ಸ್ಲೂಪ್, ಅಂದರೆ ಇನ್ನೊಂದು ಬಗೆಯ ಸಣ್ಣ ಯುದ್ಧನೌಕೆ.

ತೋಪು ಹಾರಿಸಲು, ಸಂಕೇತ ಓದಲು, ಸಬ್‌ಮರೀನ್ ಸದ್ದು ಗುರುತಿಸಲು ಕಲಿತವರು ಅವರು. ಬ್ರಿಟಿಷರ ಕೆಲಸವನ್ನು ಅವರಷ್ಟೇ ಚೆನ್ನಾಗಿ ಮಾಡಬಲ್ಲೆವು ಎಂದು ಗೊತ್ತಾದ ಮೇಲೆ ಅರ್ಧ ಸಂಬಳಕ್ಕೆ ಸುಮ್ಮನಿರುವುದು ಕಷ್ಟ. ಬೆಂಗಾವಲಿನ ವರ್ಷಗಳನ್ನು ಬಿಟ್ಟು 1946 ಅರ್ಥ ಆಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

---

ಹೊಸಗಾಳಿ:

ಇದನ್ನು ಒಪ್ಪುತ್ತೇನೆ. ಆದರೂ ಪದಕ ಪಡೆದ ಅಧಿಕಾರಿಗಳ ಹೆಸರು ಗೊತ್ತಿದೆ, ಬಾಯ್ಲರ್ ಮುಂದೆ ನಿಂತವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಡಚ್ ಹಡಗಿನಲ್ಲಿ ಸತ್ತ ಚೀನೀಯರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

---

ವೇದಿಕೆ ಮೇಲ್ವಿಚಾರಕ:

1946ರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಖಂಡಿತ ಜಾಗ ಇದೆ. ಇಲ್ಲಿ ಹಡಗಿನ ಮಾತಾಡೋಣ.

---

ಯಾರ್ರಾ ದಂಡೆ:

ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಬೆಂಗಾಲ್ ಹೇಗಿತ್ತು ಎಂದು ಕಣ್ಣಾರೆ ನೋಡಬೇಕಾದವರಿಗೆ ಒಂದು ದಾರಿ ಇದೆ. ಇದೇ ಮಾದರಿಯ ಕ್ಯಾಸಲ್‌ಮೇನ್ ಇಲ್ಲಿನ ವಿಲಿಯಮ್ಸ್‌ಟೌನ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ದಕ್ಷಿಣ ಆಸ್ಟ್ರೇಲಿಯಾದ ವಯಾಲಾ ಊರಿನಲ್ಲಿ ಇನ್ನೊಂದನ್ನು ನೆಲದ ಮೇಲೇ ಇಟ್ಟಿದ್ದಾರೆ.

ಕ್ಯಾಸಲ್‌ಮೇನ್ ಒಳಗೆ ಹೋದರೆ ಮೊದಲು ಅನ್ನಿಸುವುದು, ಇಷ್ಟು ಚಿಕ್ಕದಾ! ನಾವಿಕರು ಮಲಗುತ್ತಿದ್ದ ಜಾಗದಲ್ಲೇ ಊಟದ ಮೇಜು. ಮೇಲೆ ಕೊಕ್ಕೆಗೆ ಜೋಲಿ ಕಟ್ಟಿ ನಿದ್ದೆ. ಇಂಥದರಲ್ಲಿ ಸುಮಾರು 85 ಜನ ವಾರಗಟ್ಟಲೆ ಇರುತ್ತಿದ್ದರು.

ಒಟ್ಟು 60 ಇಂಥ ಹಡಗು ಕಟ್ಟಿದರು. ಅದರಲ್ಲಿ ನಾಲ್ಕು ಭಾರತಕ್ಕೆ: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. 1942ರ ಮೇ 31ರ ರಾತ್ರಿ ಜಪಾನಿನ ಪುಟ್ಟ ಸಬ್‌ಮರೀನ್‌ಗಳು ಸಿಡ್ನಿ ಬಂದರಿನೊಳಗೆ ನುಗ್ಗಿದಾಗ ಎಚ್‌ಎಂಐಎಸ್ ಬಾಂಬೆ ಅಲ್ಲೇ ಇತ್ತು. ಇಲ್ಲಿ ನೆಲೆಸಿದ ನಮ್ಮವರಿಗೇ ಇದು ಗೊತ್ತಿಲ್ಲ.

---

ಎಂಜಿನ್ ರೂಮ್:

ಅದರ ಎಂಜಿನ್ ನೋಡಿದಿರಾ? ಟ್ರಿಪಲ್ ಎಕ್ಸ್‌ಪಾನ್ಷನ್ ಉಗಿ ಎಂಜಿನ್. ಒಂದೇ ಉಗಿಯನ್ನು ಮೊದಲು ಸಣ್ಣ ಸಿಲಿಂಡರ್, ಆಮೇಲೆ ಮಧ್ಯಮ, ಆಮೇಲೆ ದೊಡ್ಡದು, ಹೀಗೆ ಮೂರು ಸಲ ದುಡಿಸುವುದು. 1942ಕ್ಕೇ ಅದು ಹಳೇ ಕಾಲದ್ದು. ಆದರೆ ಟರ್ಬೈನ್ ಮಾಡಲು ವಿಶೇಷ ಕಾರ್ಖಾನೆ ಬೇಕು. ಇದನ್ನು ರೈಲ್ವೆ ವರ್ಕ್‌ಶಾಪ್‌ನಂಥ ಜಾಗದಲ್ಲೂ ಮಾಡಬಹುದು, ಸಮುದ್ರ ಮಧ್ಯದಲ್ಲಿ ಕೆಟ್ಟರೆ ಹಡಗಿನವರೇ ರಿಪೇರಿ ಮಾಡಬಹುದು. ಬೇಗ ಬೇಗ 60 ಹಡಗು ಕಟ್ಟಲು ಸಾಧ್ಯವಾದದ್ದು ಇದರಿಂದಲೇ. 15 ನಾಟ್ ವೇಗ ಸಾಕಾ ಎಂದರೆ, ನಿಧಾನದ ಸರಕು ಹಡಗುಗಳ ಜೊತೆ ಹೋಗಲು ಧಾರಾಳ ಸಾಕು. 21 ನಾಟ್ ರೈಡರ್ ಎದುರಿಗೆ ಸಾಲದು.

---

ಮೂರನೇ ಬೆಂಚು:

ಆಮೇಲೆ ಬೆಂಗಾಲ್ ಏನಾಯ್ತು? ಇನ್ನೂ ದೊಡ್ಡ ಯುದ್ಧ ಮಾಡಿತಾ?

---

ಕಡಲಂಚು:

ಇಲ್ಲ. ರಿಪೇರಿ ಆದ ಮೇಲೆ ಯುದ್ಧ ಮುಗಿಯುವವರೆಗೂ ಹಿಂದೂ ಮಹಾಸಾಗರದಲ್ಲಿ ಬೆಂಗಾವಲು ಕೆಲಸ. ಜೊತೆಗೆ ಬಂದವರನ್ನು ಮುಟ್ಟಿಸುವುದು, ಮತ್ತೊಂದು ಗುಂಪಿನ ಜೊತೆ ಹೊರಡುವುದು. ಬೆಂಗಾವಲು ಹಡಗಿನ ಸೇವಾ ದಾಖಲೆ ತೆಗೆದರೆ ಮುಕ್ಕಾಲು ಭಾಗ ಹೀಗೇ ಇರುತ್ತದೆ. ಏನೂ ಆಗದ ದಿನವೇ ಅವರಿಗೆ ಒಳ್ಳೆಯ ದಿನ.

ಏನಾದರೂ ಆದ ದಿನ ಹೇಗಿರುತ್ತಿತ್ತು ಎನ್ನುವುದಕ್ಕೆ ಬೇರೆ ಹಡಗಿನದು ಹೇಳುತ್ತೇನೆ. 1944ರ ಫೆಬ್ರವರಿ 11, ವಿಶಾಖಪಟ್ಟಣದ ಹತ್ತಿರ. ಕೊಲಂಬೊದಿಂದ ಕಲ್ಕತ್ತೆಗೆ ಹೊರಟ ಹಡಗುಗಳ ಗುಂಪು. ಜಪಾನಿನ ಸಬ್‌ಮರೀನ್ ಆರ್‌ಒ-110 ಅಸ್ಫಾಲಿಯನ್ ಎಂಬ ಬ್ರಿಟಿಷ್ ಹಡಗಿಗೆ ಟಾರ್ಪೆಡೊ ಹೊಡೆಯಿತು. ಕಾವಲಿಗಿದ್ದದ್ದು ನಮ್ಮ ಎಚ್‌ಎಂಐಎಸ್ ಜಮ್ನಾ, ಆಸ್ಟ್ರೇಲಿಯಾದ ಲಾನ್ಸೆಸ್ಟನ್ ಮತ್ತು ಇಪ್ಸ್‌ವಿಚ್. ಇವೆರಡೂ ಬೆಂಗಾಲ್ ಮಾದರಿಯವೇ. ನೀರಿನೊಳಗೆ ಸದ್ದು ಕಳಿಸಿ, ಅದರ ಪ್ರತಿಧ್ವನಿ ಹಿಡಿದು, ಮೇಲಿಂದ ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬ್) ಹಾಕಿ ಮೂವರೂ ಸೇರಿ ಆ ಸಬ್‌ಮರೀನನ್ನು ಮುಗಿಸಿದರು. ಅಸ್ಫಾಲಿಯನ್ ಮುಳುಗಲಿಲ್ಲ. ಇದೇ ಜಮ್ನಾ ಹಿಂದಿನ ವರ್ಷ ಸಟ್ಲೆಜ್ ಜೊತೆ ಸಿಸಿಲಿ ದಾಳಿಗೂ ಹೋಗಿತ್ತು.

---

ಲೆಕ್ಕದ ಮೇಷ್ಟ್ರು:

ಜಮ್ನಾ ಕಥೆಯಲ್ಲಿ ಮಾತ್ರ ಯಾರು ಹೊಡೆದರು ಎನ್ನುವ ಜಗಳ ಇಲ್ಲ ನೋಡಿ, ಮೂವರಿಗೂ ಹಂಚಿಕೊಟ್ಟರು. ನನ್ನ ಓಟು ಒಂಡಿನಾಗೇ. ಆದರೆ ಬಿಟ್ಟು ಹೋಯಿತು ಎನ್ನುವ ಮಾತನ್ನು ಇನ್ನು ಎಳೆಯುವುದಿಲ್ಲ.

---

ಅರಬ್ಬಿ ಅಲೆ:

ನನ್ನ ಓಟು ಬೆಂಗಾಲ್‌ಗೇ, ನಾನು ಬದಲಿಸುವವನಲ್ಲ. ಉಳಿದ ಪಾತ್ರಧಾರಿಗಳ ಕಥೆಯನ್ನೂ ಹಾಕಿಬಿಡಿ ಕಡಲಂಚು ಅವರೇ.

---

ಕಡಲಂಚು:

ಐಕೋಕು ಮಾರುವನ್ನು ಆಮೇಲೆ ಸಾಗಣೆ ಕೆಲಸಕ್ಕೆ ಹಾಕಿದರು. 1944ರ ಫೆಬ್ರವರಿ 17ರಂದು ಪೆಸಿಫಿಕ್‌ನ ಟ್ರಕ್ ದ್ವೀಪದಲ್ಲಿ ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ಅದೂ ಸ್ಫೋಟದಲ್ಲೇ ಹೋಯಿತು, ಅದರ ಜೊತೆ ನೂರಾರು ಜನ ಹೋದರು.

ಒಂಡಿನಾಗೆ ಫ್ರೀಮ್ಯಾಂಟಲ್‌ನಲ್ಲಿ ಪೂರ್ತಿ ರಿಪೇರಿ ಆಗಲಿಲ್ಲ. ಕೆಲ ಕಾಲ ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮತ್ ಕೊಲ್ಲಿಯಲ್ಲಿ ಲಂಗರು ಹಾಕಿಸಿ ಇಂಧನದ ಡಿಪೋ ಮಾಡಿಕೊಂಡರು. ಟ್ಯಾಂಕರ್‌ಗಳು ಸಾಲದೇ ಬಂದಾಗ ಅಮೆರಿಕದ ಟ್ಯಾಂಪಾಗೆ ಕಳಿಸಿ ಸರಿಮಾಡಿಸಿದರು. 1959ರಲ್ಲಿ ಗುಜರಿಗೆ ಹೋಯಿತು.

ಬೆಂಗಾಲ್ ಸ್ವಾತಂತ್ರ್ಯದ ನಂತರ ನಮ್ಮಲ್ಲೇ ಉಳಿಯಿತು. 1950ರ ಜನವರಿ 26ರಿಂದ ಹೆಸರಿನ ಮುಂದಿನ ಎಚ್‌ಎಂಐಎಸ್ ಹೋಗಿ ಐಎನ್‌ಎಸ್ ಬಂತು. 1960ರಲ್ಲಿ ಅದನ್ನೂ ಒಡೆದು ಹಾಕಿದರು.

---

ಯಾರ್ರಾ ದಂಡೆ:

ಸಿಡ್ನಿಗೆ ಬರುವವರು ಕಾಕಟೂ ದ್ವೀಪಕ್ಕೆ ದೋಣಿ ಹಿಡಿಯಿರಿ, ಈಗ ವಿಶ್ವ ಪರಂಪರೆಯ ತಾಣ. ಹಳೇ ಕ್ರೇನ್‌ಗಳು, ಡ್ರೈ ಡಾಕ್ ಎಲ್ಲಾ ನೋಡಬಹುದು. ಮೆಲ್ಬರ್ನ್‌ಗೆ ಬರುವುದಾದರೆ ಕ್ಯಾಸಲ್‌ಮೇನ್ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ಸ್ವಯಂಸೇವಕರು ನಡೆಸುವ ಜಾಗ ಅದು.